ನಾಚಿಕೆ, ಭಯ ಮತ್ತು ಸೈಕಲ್ಲು



ಹಾಲು ತರಬೇಕು. ಅಂಗಡಿ ಇರುವುದು ಮುಂದಿನ ಬೀದಿಯ ತಿರುವಿನಲ್ಲಿ. ಆದರೂ ಕೈ ಸ್ಕೂಟರಿನ ಕೀಲಿಯ ಕಡೆಗೇ ಹೋಗುತ್ತದೆ. ತರಕಾರಿ, ಔಷಧಿ, ಮಕ್ಕಳ ಟ್ಯೂಷನ್, ಬ್ಯಾಂಕು, ದೇವಸ್ಥಾನ ಎಂದು ನಾವು ದಿನವೂ ಓಡಾಡುವ ಒಂದೆರಡು ಕಿಲೋಮೀಟರಿಗೆ ಸೈಕಲ್ಲು ಸಾಕು ಎಂಬುದು ಯಾರಿಗೆ ಗೊತ್ತಿಲ್ಲ? ಆರೋಗ್ಯ, ಪೆಟ್ರೋಲಿನ ಉಳಿತಾಯ ಎಲ್ಲವೂ ನೀವು ಕೇಳಿದ್ದೇ. ಗೊತ್ತಿದ್ದೂ ನಾವು ತುಳಿಯುತ್ತಿಲ್ಲ. ನನಗೆ ಕಾಣುವ ಕಾರಣ ಎರಡು. ಒಂದು ನಾಚಿಕೆ, ಇನ್ನೊಂದು ಭಯ.

2006-07ರಲ್ಲಿ ಕರ್ನಾಟಕ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿತು. ಹಳ್ಳಿಯ ಹೆಣ್ಣುಮಕ್ಕಳು ಸಾಲಾಗಿ ಸೈಕಲ್ ತುಳಿದು ದೂರದ ಹೈಸ್ಕೂಲಿಗೆ ಹೋಗುವುದನ್ನು ಕಂಡು ಹೆಮ್ಮೆಪಟ್ಟವರು ನಾವು. ಅದೇ ಮಕ್ಕಳು ಓದು ಮುಗಿಸಿ, ನೌಕರಿ ಹಿಡಿದು, ಸೈಕಲ್ಲಿನಲ್ಲೇ ಕೆಲಸಕ್ಕೆ ಹೊರಟರೆ ‘ಇನ್ನೂ ಗಾಡಿ ತಗೊಂಡಿಲ್ವಾ?’ ಎಂದು ಕೇಳುವವರೂ ನಾವೇ. ಪೇಪರ್ ಹಾಕುವ ಹುಡುಗ, ಬುತ್ತಿ ನೇತುಹಾಕಿಕೊಂಡು ಹೊರಟ ಗಾರೆ ಕೆಲಸದವರು ಸೈಕಲ್ ತುಳಿದರೆ ಅದನ್ನು ಅವರ ಬಡತನದ ಲೆಕ್ಕಕ್ಕೆ ಬರೆದುಬಿಡುತ್ತೇವೆ. ಈ ಲೆಕ್ಕ ತಪ್ಪು. ತನ್ನ ಮೈಬಲದಿಂದ ಸಾಗುತ್ತ, ಹೊಗೆ ಬಿಡದೆ, ಬೀದಿಯಲ್ಲಿ ತನಗೆ ಬೇಕಾದಷ್ಟೇ ಜಾಗ ಬಳಸುವ ಆ ಮನುಷ್ಯನಿಂದ ಊರಿಗೆ ಉಪಕಾರವಾಗುತ್ತಿದೆ.

ನಾಚಿಕೆಯನ್ನು ಗೆದ್ದವರ ಕಥೆ ಪಕ್ಕದಲ್ಲೇ ಇದೆ. ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನ ನಡೆಯಿತು. ಜಿಲ್ಲಾಧಿಕಾರಿಯಾಗಿದ್ದ ಶೀಲಾರಾಣಿ ಚುಂಕತ್ ಅವರು ಅಕ್ಷರದ ಜೊತೆಗೆ ಹೆಂಗಸರಿಗೆ ಸೈಕಲ್ ಸವಾರಿಯನ್ನೂ ಕಲಿಸುವ ಏರ್ಪಾಡು ಮಾಡಿದರು. ಹೊಲದಲ್ಲಿ, ಕಲ್ಲುಕ್ವಾರಿಯಲ್ಲಿ ದುಡಿಯುವ ಸಾವಿರಾರು ಹೆಣ್ಣುಮಕ್ಕಳು ಊರವರ ಚುಚ್ಚುಮಾತಿಗೆ ಜಗ್ಗದೆ ಕಲಿತರು. ನೀರಿನ ಕೊಡ, ಮಗು, ಸಂತೆಯ ಸಾಮಾನು ಎಲ್ಲವೂ ಸೈಕಲ್ ಏರಿದವು. ಬಸ್ಸಿಗಾಗಿ, ಮನೆಯ ಗಂಡಸರಿಗಾಗಿ ಕಾಯುವುದು ತಪ್ಪಿತು. ಅವರು ಎದುರಿಸಿದ ಮಾತುಗಳ ಮುಂದೆ ನಮ್ಮ ಸಂಕೋಚ ಏನು ಮಹಾ?

ಭಯದ ವಿಷಯ ಬೇರೆ. ಅದು ಸೈಕಲ್ ತುಳಿಯುವವನ ತಪ್ಪಲ್ಲ, ಅವನ ಹಿಂದೆ ಬರುವವರು ಹುಟ್ಟಿಸಿದ್ದು. ನೆದರ್ಲೆಂಡ್ಸನ್ನು ನಾವು ಸೈಕಲ್ಲುಗಳ ನಾಡೆಂದು ಹೊಗಳುತ್ತೇವೆ. ಆದರೆ ಅಲ್ಲಿಯೂ ಎರಡನೇ ಮಹಾಯುದ್ಧದ ನಂತರ ಕಾರುಗಳು ಬೀದಿ ತುಂಬಿ ಸೈಕಲ್ಲನ್ನು ಅಂಚಿಗೆ ತಳ್ಳಿದ್ದವು. 1971ರ ಒಂದೇ ವರ್ಷ ರಸ್ತೆ ಅಪಘಾತಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಮಕ್ಕಳ ಕೊಲೆ ನಿಲ್ಲಿಸಿ ಎಂದು ತಾಯಿತಂದೆಯರು ಬೀದಿಗಿಳಿದರು. 1973ರಲ್ಲಿ ತೈಲದ ಬಿಕ್ಕಟ್ಟು ಬಂದಾಗ ಅಲ್ಲಿನ ಸರ್ಕಾರ ಕೆಲವು ಭಾನುವಾರ ಕಾರುಗಳನ್ನೇ ನಿಲ್ಲಿಸಿತು. ಸೈಕಲ್ಲಿಗೆ ಪ್ರತ್ಯೇಕ ದಾರಿ, ಬಡಾವಣೆಗಳಲ್ಲಿ ಕಾರಿಗೆ ವೇಗದ ಮಿತಿ, ಇವೆಲ್ಲ ಆಮೇಲೆ ವರ್ಷಗಟ್ಟಲೆ ಹಟ ಹಿಡಿದು ಪಡೆದವು. ಮುಂದೆ ಆ ದೇಶದ ಪ್ರಧಾನಿಯಾದ ಮಾರ್ಕ್ ರುಟ್ಟೆ ಸೈಕಲ್ಲಿನಲ್ಲೇ ಕಚೇರಿಗೆ ಹೋಗುತ್ತಿದ್ದರು.

ನಮ್ಮಲ್ಲೂ ಮೈಸೂರಿನಲ್ಲಿ 2017ರಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಬಾಡಿಗೆ ಸೈಕಲ್ ವ್ಯವಸ್ಥೆ ಬಂತು. ಸೈಕಲ್ ಒದಗಿಸಿದರೆ ಅರ್ಧ ಕೆಲಸ ಆದಂತೆ. ಅದನ್ನು ಮಗುವೊಂದು ಹೆದರದೆ ತುಳಿಯುವಂಥ ಬೀದಿ ಇನ್ನರ್ಧ. ಅಂಥ ಬೀದಿಯನ್ನು ನಗರಪಾಲಿಕೆಯಿಂದ ಕೇಳಿ ಪಡೆಯಬೇಕು, ಮತ್ತೆ ಮತ್ತೆ ಕೇಳಬೇಕು.

ಅಲ್ಲಿಯವರೆಗೆ ನಮ್ಮ ಕೈಲಿ ಆಗುವುದೂ ಇದೆ. ಮುಂದೆ ಸೈಕಲ್ ಹೋಗುತ್ತಿದ್ದರೆ ಹಿಂದಿನಿಂದ ಹಾರ್ನ್ ಬಾರಿಸಿ ಬೆಚ್ಚಿಬೀಳಿಸಬೇಡಿ, ಜಾಗ ಬಿಟ್ಟು ದಾಟಿ. ಕಾರು ನಿಲ್ಲಿಸಿ ಬಲಬಾಗಿಲು ತೆರೆಯುವಾಗ ಎಡಗೈ ಬಳಸಿ. ಆಗ ಮೈ ತಾನಾಗಿ ತಿರುಗಿ, ಕಣ್ಣು ಹಿಂದೆ ಬರುವವರನ್ನು ನೋಡುತ್ತದೆ. ಹಾಗೆ ನೋಡದೆ ತೆರೆದ ಬಾಗಿಲಿಗೆ ಬಡಿದು ಸೈಕಲ್ ಸವಾರರು ಪ್ರಾಣ ಕಳೆದುಕೊಂಡದ್ದಿದೆ. ಮನೆಯ ಮೂಲೆಯಲ್ಲಿ ಧೂಳು ಹಿಡಿದ ಸೈಕಲ್ ಇದ್ದರೆ ಇವತ್ತೇ ಪಂಕ್ಚರ್ ಅಂಗಡಿಗೆ ಒಯ್ದು ಗಾಳಿ ತುಂಬಿಸಿ, ಬ್ರೇಕ್ ನೋಡಿಸಿ. ನಾಳೆಯ ಹಾಲು ಅದರಲ್ಲೇ ಬರಲಿ.