ಗಣಕರಕ್ಷಣೆಯ ಉದ್ಯೋಗವೂ ಪದವಿಯ ಆಯ್ಕೆಯೂ

(ಅದಿಯಮಾನ್‌ಕೋಟೆಯಲ್ಲಿ ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ಹನ್ನೆರಡನೆಯ ತರಗತಿಯ ಫಲಿತಾಂಶ ಹೊರಬಿದ್ದ ಮರುದಿನದಿಂದ ಪೋಷಕರು ನಮ್ಮನ್ನು ಕೇಳುವ ಪ್ರಶ್ನೆಗಳಲ್ಲಿ ಈಚೆಗೆ ಹೊಸದೊಂದು ಸೇರಿಕೊಂಡಿದೆ. ಸೈಬರ್ ಭದ್ರತೆಯ ಉದ್ಯೋಗಕ್ಕೆ ಮಕ್ಕಳನ್ನು ಯಾವ ಪದವಿಗೆ ಸೇರಿಸಬೇಕು? ಗಂಡುಮಕ್ಕಳಿಗಾಗಿ ಕೇಳುವಷ್ಟೇ ಆಸ್ಥೆಯಿಂದ ಹೆಣ್ಣುಮಕ್ಕಳಿಗಾಗಿಯೂ ಕೇಳುತ್ತಿರುವುದು ಸಂತೋಷದ ಸಂಗತಿ. ಹೊಲವನ್ನು ಅಡವಿಟ್ಟಾದರೂ ಶುಲ್ಕ ಕಟ್ಟಲು ಸಿದ್ಧವಿರುವ ಮನೆಗಳು ನಮ್ಮಲ್ಲಿರುವುದರಿಂದ ಇದಕ್ಕೆ ಹಗುರವಾಗಿ ಉತ್ತರ ಹೇಳಲಾಗದು.

ಈ ಕೆಲಸವೆಂಥದೆಂಬುದನ್ನು ಮೊದಲು ನೋಡೋಣ. ೨೦೧೮ರ ಆಗಸ್ಟಿನಲ್ಲಿ ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕಿನಿಂದ ಕೆಲವೇ ದಿನಗಳಲ್ಲಿ ಸುಮಾರು ೯೪ ಕೋಟಿ ರೂಪಾಯಿ ಅಪಹೃತವಾಯಿತು. ಕದ ಮುರಿದವರಿಲ್ಲ, ಗೋಡೆಗೆ ಕನ್ನ ಕೊರೆದವರಿಲ್ಲ. ೨೦೨೨ರ ನವೆಂಬರಿನಲ್ಲಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಗಣಕಗಳೊಳಕ್ಕೆ ದುಷ್ಟರು ನುಗ್ಗಿದಾಗ ಅಲ್ಲಿನ ವೈದ್ಯರು ಹಲವು ದಿನ ಕಾಗದ-ಲೇಖನಿಗಳಿಂದಲೇ ಕೆಲಸ ಸಾಗಿಸಬೇಕಾಯಿತು. ಇಂಥ ಆಕ್ರಮಣವನ್ನು ಮುಂಚಿತವಾಗಿ ಕಾಣುವುದು, ನಡೆದಾಗ ತಡೆಯುವುದು, ನಡೆದ ಬಳಿಕ ಕಳ್ಳನ ಹೆಜ್ಜೆ ಹುಡುಕುವುದು, ಇವೆಲ್ಲವೂ ಈ ಉದ್ಯೋಗಕ್ಕೆ ಸೇರಿದುವು. ಚಲನಚಿತ್ರಗಳಲ್ಲಿ ತೋರಿಸುವಂತೆ ಎರಡು ನಿಮಿಷದ ಬೆರಳಾಟವಲ್ಲ. ರಾತ್ರಿಯೆಲ್ಲ ಕುಳಿತು ದಾಖಲೆಯ ಸಾಲುಗಳನ್ನು ಓದುವ ತಾಳ್ಮೆಯೇ ಇದರ ಬಂಡವಾಳ.

ನಮ್ಮ ಊರಿನ ಹೆಸರಿನಲ್ಲಿಯೇ ಕೋಟೆಯಿದೆ. ಅದಿಯಮಾನನ ತಗಡೂರನ್ನು ಚೇರ ಅರಸನು ಗೆದ್ದನೆಂದು ಸಂಗಮ ಸಾಹಿತ್ಯ ಹೇಳುತ್ತದೆ. ಕೋಟೆಯನ್ನು ಕಾಯುವವನಿಗೆ ಭರ್ಜಿ ಹಿಡಿಯಲು ಬಂದರೆ ಸಾಲದು. ಗೋಡೆಯನ್ನು ಹೇಗೆ ಕಟ್ಟಿದ್ದಾರೆ, ನೀರು ಎಲ್ಲಿಂದ ಒಳಗೆ ಬರುತ್ತದೆ, ದಿಡ್ಡಿಬಾಗಿಲು ಎಲ್ಲಿದೆ ಎಂಬುದೂ ತಿಳಿದಿರಬೇಕು. ಹಾಗೆಯೇ ಗಣಕವು ಒಳಗೊಳಗೆ ನಡೆಯುವ ಬಗೆ, ಒಂದು ಗಣಕವು ಇನ್ನೊಂದರೊಡನೆ ಮಾತನಾಡುವ ಜಾಲದ ನಿಯಮ, ಕ್ರಮವಿಧಿ ಬರೆಯುವ ವಿದ್ಯೆ, ಇವು ಮೂರೂ ಗಟ್ಟಿಯಾಗದೆ ರಕ್ಷಣೆಯ ಮಾತೇ ಇಲ್ಲ. ಆದಕಾರಣ ಕಂಪ್ಯೂಟರ್ ವಿಜ್ಞಾನದ ಬಿ.ಇ. ಪದವಿಯೇ ರಾಜಮಾರ್ಗವೆಂದು ನಮ್ಮ ಅಭಿಪ್ರಾಯ. ಎಲೆಕ್ಟ್ರಾನಿಕ್ಸ್ ಮತ್ತು ಸಂಪರ್ಕ ಶಾಖೆಯಿಂದಲೂ ಈ ಕ್ಷೇತ್ರಕ್ಕೆ ಬರಬಹುದು. ಈಚಿನ ವರ್ಷಗಳಲ್ಲಿ ‘ಸೈಬರ್ ಭದ್ರತೆ’ ಎಂಬ ಹೆಸರನ್ನೇ ಹೊತ್ತ ಶಾಖೆಗಳೂ ತೆರೆದಿವೆ. ಅವು ಕೆಟ್ಟವೆಂದು ನಾವು ಹೇಳುವುದಿಲ್ಲ. ಆದರೆ ಹೆಸರಿಗೆ ಹೆಚ್ಚಿನ ಹಣ ತೆರುವ ಮುನ್ನ ಪಠ್ಯಕ್ರಮವನ್ನು ತರಿಸಿ ನೋಡತಕ್ಕದ್ದು. ಮೇಲೆ ಹೇಳಿದ ಮೂರನ್ನು ಮೊಟಕುಗೊಳಿಸಿ, ಇಂದಿನ ಉಪಕರಣಗಳ ಬಳಕೆಯನ್ನಷ್ಟೇ ಕಲಿಸುವಂತಿದ್ದರೆ ದೂರವಿರುವುದು ಲೇಸು. ವಿದ್ಯಾರ್ಥಿ ಪದವಿ ಪಡೆದು ಹೊರಬರುವ ವೇಳೆಗೆ ಆ ಉಪಕರಣಗಳು ಹಳೆಯವಾಗಿರುತ್ತವೆ.

ಗಣಿತವನ್ನು ಕಂಡು ಹೆದರುವ ಮಕ್ಕಳಿಗೆ ಒಂದು ಮಾತು. ೫೩ನ್ನು ೬೧ರಿಂದ ಗುಣಿಸಿರಿ. ೩೨೩೩ ಬರುತ್ತದೆ, ಅರ್ಧ ನಿಮಿಷದ ಕೆಲಸ. ಆದರೆ ೩೨೩೩ನ್ನು ಮಾತ್ರ ಕೊಟ್ಟು, ಇದು ಯಾವ ಎರಡು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವೆಂದು ಕೇಳಿದರೆ ಬಹಳ ಹೊತ್ತು ತಡಕಾಡಬೇಕು. ಸಂಖ್ಯೆಯಲ್ಲಿ ನೂರಾರು ಅಂಕಗಳಿದ್ದರೆ ಇಂದಿನ ಗಣಕಗಳೂ ಸೋಲುತ್ತವೆ. ರಿವೆಸ್ಟ್, ಶಮೀರ್, ಆಡ್ಲ್‌ಮನ್ ಎಂಬ ಮೂವರು ೧೯೭೭ರಲ್ಲಿ ಈ ಕಷ್ಟವನ್ನೇ ಬೀಗವನ್ನಾಗಿ ಮಾಡಿದರು. ೨೦೦೨ರಲ್ಲಿ ಒಂದು ಸಂಖ್ಯೆಯು ಅವಿಭಾಜ್ಯವೇ ಅಲ್ಲವೇ ಎಂದು ನಿಶ್ಚಯಿಸುವ ಹೊಸ ವಿಧಾನವನ್ನು ಲೋಕಕ್ಕೆ ಕೊಟ್ಟವರು ಕಾನ್ಪುರದ ಐ.ಐ.ಟಿ.ಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ. ಕೊನೆಯ ಇಬ್ಬರು ಆಗಷ್ಟೇ ಬಿ.ಟೆಕ್. ಮುಗಿಸಿದ್ದ ತರುಣರು. ಬಿ.ಎಸ್‌ಸಿ. ಗಣಿತವನ್ನು ‘ಬೇರೆಲ್ಲೂ ಸ್ಥಳ ಸಿಗದವರ ಓದು’ ಎಂದು ಮೂಗುಮುರಿಯುವ ಪೋಷಕರು ಇದನ್ನು ನೆನೆಯಬೇಕು.

ತಮಿಳುನಾಡಿನಲ್ಲಿ ಇಂಜಿನಿಯರಿಂಗ್ ಕಾಲೇಜುಗಳ ಸರ್ಕಾರಿ ಪಾಲಿನ ಸ್ಥಳಗಳಿಗೆ ಪ್ರವೇಶಪರೀಕ್ಷೆಯಿಲ್ಲ. ಗಣಿತ, ಭೌತ, ರಸಾಯನಗಳ ಅಂಕಗಳ ಮೇಲೆಯೇ ಕೌನ್ಸೆಲಿಂಗ್ ನಡೆಯುತ್ತದೆ. ಸೇಲಂನ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ೧೯೬೬ರಿಂದಲೂ ಇದೆ. ನಮ್ಮ ಧರ್ಮಪುರಿಯ ಚೆಟ್ಟಿಕರೆಯಲ್ಲಿಯೂ ಸರ್ಕಾರಿ ಕಾಲೇಜು ಇದೆ. ಮನೆಯಲ್ಲಿ ಮೊದಲ ಪದವೀಧರರಾಗುವವರಿಗೆ ಬೋಧನಾಶುಲ್ಕದ ರಿಯಾಯಿತಿಯುಂಟು. ಸರ್ಕಾರಿ ಶಾಲೆಗಳಲ್ಲಿ ಓದಿದವರಿಗೆ ೨೦೨೧ರ ಕಾಯಿದೆಯಿಂದ ಶೇಕಡ ೭.೫ರಷ್ಟು ಸ್ಥಳಗಳು ಮೀಸಲಾಗಿವೆ. ಡಿಪ್ಲೊಮಾ ಮುಗಿಸಿದವರು ನೇರವಾಗಿ ಎರಡನೆಯ ವರ್ಷಕ್ಕೆ ಸೇರಬಹುದು. ಬಿ.ಸಿ.ಎ. ಓದಿದವರಿಗೆ ಅನಂತರ ಎರಡು ವರ್ಷದ ಎಂ.ಸಿ.ಎ. ಇದೆ.

ಕನ್ನಡದಲ್ಲಿ ಓದಿದ ಮಕ್ಕಳು ಹಿಂದೆ ಬೀಳುವರೇ ಎಂಬ ಅಂಜಿಕೆ ನಮ್ಮಲ್ಲಿ ಹಲವರಿಗಿದೆ. ಈ ವಿದ್ಯೆಯ ಗ್ರಂಥಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುವುದು ನಿಜ. ದಿನಕ್ಕೊಂದು ಪುಟವನ್ನು ಅರ್ಥಮಾಡಿಕೊಂಡು ಓದುವ ಅಭ್ಯಾಸ ಈಗಿನಿಂದಲೇ ಬೇಕು. ಆದರೆ ಮೋಸಗಾರರು ಈಗ ಜನರ ಸ್ವಂತ ಭಾಷೆಯಲ್ಲಿಯೇ ದೂರವಾಣಿ ಮಾಡುತ್ತಾರೆ. ಹಣ ಕಳೆದುಕೊಂಡ ವೃದ್ಧೆಯನ್ನು ಸಮಾಧಾನಪಡಿಸಿ, ಕೂಡಲೇ ೧೯೩೦ಕ್ಕೆ ದೂರು ಕೊಡಿಸಿ, ನಡೆದುದನ್ನು ಕ್ರಮವಾಗಿ ಬರೆದುಕೊಳ್ಳುವವನಿಗೆ ಕನ್ನಡ, ತಮಿಳು ಎರಡೂ ಬಂದರೆ ಅದು ದೊಡ್ಡ ಬಲವೇ ಸರಿ.

ವಿದ್ಯಾರ್ಥಿಗಳಿಗೆ ಇನ್ನೊಂದು ಎಚ್ಚರಿಕೆ. ಅನುಮತಿಯಿಲ್ಲದೆ ದುರುದ್ದೇಶದಿಂದ ಪರರ ಗಣಕವನ್ನು ಹೊಕ್ಕವನಿಗೆ ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ೬೬ನೆಯ ವಿಧಿಯಂತೆ ಮೂರು ವರ್ಷಗಳವರೆಗೆ ಸೆರೆವಾಸ, ಇಲ್ಲವೇ ಐದು ಲಕ್ಷ ರೂಪಾಯಿಗಳವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಗೆಳೆಯನ ಗುಪ್ತಪದವನ್ನು ತಮಾಷೆಗೆಂದು ಕದಿಯುವುದೂ ಈ ಉದ್ಯೋಗದ ಅಭ್ಯಾಸವಲ್ಲ.

ಕಾಲೇಜುಗಳ ಪಠ್ಯಕ್ರಮವನ್ನೋ ಶುಲ್ಕದ ಪಟ್ಟಿಯನ್ನೋ ತಂದಿರುವ ಪೋಷಕರು ಸಭೆಯ ಅನಂತರ ದಯಮಾಡಿ ನಿಲ್ಲಬೇಕು. ಒಟ್ಟಿಗೆ ಕುಳಿತು ಓದಿ ನೋಡೋಣ.