ಅಚೌರ್ಯಾಣುವ್ರತವೂ ಕಳ್ಳಪ್ರತಿಯೂ



ಶ್ರಾವಕನ ಪಂಚಾಣುವ್ರತಗಳಲ್ಲಿ ಅಚೌರ್ಯವು ಮೂರನೆಯದು. ಸೂರ್ಯಾಸ್ತದೊಳಗೆ ಊಟ ಮುಗಿಸುವ, ನೀರನ್ನು ಸೋಸಿ ಕುಡಿಯುವ, ಕಂದಮೂಲಗಳನ್ನು ವರ್ಜಿಸುವ ಮನೆಯಲ್ಲಿಯೂ ಕದ್ದು ಪ್ರತಿಮಾಡಿದ ಚಲನಚಿತ್ರವು ಮೊಬೈಲಿನಲ್ಲಿರುವುದುಂಟು. ತಕ್ಕಡಿಯಲ್ಲಿ ಗುಲಗಂಜಿಯಷ್ಟೂ ವಂಚಿಸದ ವರ್ತಕನು ಪರವಾನಗಿಯಿಲ್ಲದ ತಂತ್ರಾಂಶದಲ್ಲಿ ಅಂಗಡಿಯ ಲೆಕ್ಕವನ್ನಿಡುವುದುಂಟು. ಇದರಿಂದ ವ್ರತಕ್ಕೆ ದೋಷ ತಗಲೀತೆಂಬ ಶಂಕೆಯೇ ಅನೇಕರಲ್ಲಿ ಮೂಡುವುದಿಲ್ಲ. ಪ್ರತಿಮಾಡಿದರೂ ಮೂಲವು ಒಡೆಯನ ಬಳಿಯಲ್ಲಿಯೇ ಇರುವುದರಿಂದ ಕಳವಾದುದೇನೆಂಬುದು ಅವರ ಸಮಾಧಾನ.

ಆದರೆ ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಕಳವನ್ನು ನಿರೂಪಿಸಿರುವುದು ಒಡೆಯನ ನಷ್ಟದಿಂದಲ್ಲ, ಕೊಡದುದನ್ನು ಕೈಕೊಳ್ಳುವ ಪ್ರಮಾದದಿಂದ. ಈ ವ್ರತಕ್ಕೆ ಅಲ್ಲಿಯೇ ಐದು ಅತಿಚಾರಗಳು ಹೇಳಲ್ಪಟ್ಟಿವೆ. ಕಳವಿಗೆ ಪ್ರೇರಿಸುವುದು ಸ್ತೇನಪ್ರಯೋಗ. ಕದ್ದು ತಂದುದನ್ನು ಸ್ವೀಕರಿಸುವುದು ತದಾಹೃತಾದಾನ. ರಾಜ್ಯದ ಕಟ್ಟಳೆಯನ್ನು ಮೀರುವುದು ವಿರುದ್ಧರಾಜ್ಯಾತಿಕ್ರಮ. ಅಳತೆ ತೂಕಗಳಲ್ಲಿ ವಂಚಿಸುವುದು ಹೀನಾಧಿಕಮಾನೋನ್ಮಾನ. ಅಸಲಿನ ಹೆಸರಿನಲ್ಲಿ ನಕಲಿಯನ್ನು ನಡೆಸುವುದು ಪ್ರತಿರೂಪಕವ್ಯವಹಾರ. ಕಳ್ಳಪ್ರತಿಯ ದಾರಿಯನ್ನು ಬಂಧುಗಳಿಗೆ ತೋರಿಸಿಕೊಡುವವನಿಗೆ ಮೊದಲನೆಯದು, ಪಡೆದುಕೊಳ್ಳುವವನಿಗೆ ಎರಡನೆಯದು, 1957ರ ಕೃತಿಸ್ವಾಮ್ಯ ಅಧಿನಿಯಮವಿರುವ ಈ ದೇಶದಲ್ಲಿ ಪ್ರತಿಮಾಡಿ ಹಂಚುವವನಿಗೆ ಮೂರನೆಯದು, ಅಸಲೆಂದು ಮಾರುವವನಿಗೆ ಐದನೆಯದು ತಗಲುತ್ತದೆ. ನಾಲ್ಕನೆಯದರಿಂದ ಮಾತ್ರ ದೂರವಿರುವ ವರ್ತಕನ ವ್ರತವು ಪೂರ್ಣವಾಗದು.

ಇದಕ್ಕಿಂತಲೂ ಸೂಕ್ಷ್ಮವಾದುದು ಧರ್ಮದ ಹೆಸರಿನಲ್ಲಿಯೇ ನಡೆಯುವ ಪ್ರತಿ. ಈಗಿನ ವಿದ್ವಾಂಸರ ಗ್ರಂಥವನ್ನೋ ಗಾಯಕರ ಸ್ತವನವನ್ನೋ ಅನುಮತಿಯಿಲ್ಲದೆ ಹಂಚುವವರು ಅದನ್ನು ಶಾಸ್ತ್ರದಾನವೆಂದೇ ಭಾವಿಸುತ್ತಾರೆ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಹಂಚಲಿಲ್ಲವೇ ಎಂದು ಕೇಳುತ್ತಾರೆ. ಆಕೆ ಅವುಗಳನ್ನು ತನ್ನ ಧನದಿಂದ ಬರೆಯಿಸಿದಳು. ರನ್ನನಿಗೆ ಆಶ್ರಯವಿತ್ತು, 993ರ ಅಜಿತಪುರಾಣಕ್ಕೂ ಕಾರಣಳಾದಳು. ಕವಿಯನ್ನು ಪೋಷಿಸಿದ ಕೈಯೇ ಕಾವ್ಯವನ್ನೂ ಹಂಚಿತು. ದಾನವೆಂದರೆ ತನ್ನದನ್ನು ತ್ಯಜಿಸುವುದು. ಪರರ ಶ್ರಮಫಲವನ್ನು ದಾನಮಾಡುವ ಅಧಿಕಾರವು ಯಾರಿಗೂ ಇಲ್ಲ.

ಧರ್ಮಪ್ರಸಾರಕ್ಕೆ ನಿರ್ದೋಷವಾದ ಮಾರ್ಗಗಳು ಹಲವುಂಟು. ಪಂಪ, ರನ್ನರ ಮೂಲಕಾವ್ಯಗಳು ಸರ್ವರ ಸ್ವತ್ತು. ನಮ್ಮ ದೇಶದಲ್ಲಿ ಗ್ರಂಥಕರ್ತನು ದಿವಂಗತನಾಗಿ 60 ವರ್ಷಗಳು ಕಳೆದ ಮೇಲೆ ಅವನ ಕೃತಿಯೂ ಹಾಗೆಯೇ ಆಗುತ್ತದೆ. ಕರ್ತೃಗಳೇ ಮುಕ್ತವಾಗಿ ಬಿಟ್ಟುಕೊಟ್ಟ ತಂತ್ರಾಂಶಗಳೂ ಇವೆ. ಉಳಿದವುಗಳಿಗೆ ಬೆಲೆ ತೆರುವುದು, ಇಲ್ಲವೆ ಒಡೆಯನ ಅನುಮತಿ ಬೇಡುವುದು ಶ್ರಾವಕನಿಗೆ ಯೋಗ್ಯ.

ಜಿನಬಿಂಬವು ಬಸದಿಯಲ್ಲಿ ಪ್ರತಿಷ್ಠಿತವಾಗುವ ಈ ಶುಭಸಂದರ್ಭದಲ್ಲಿ, ಯಾರೂ ಕಾಣದೆಡೆಯಲ್ಲಿಯೂ ಕೊಡದುದನ್ನು ಮುಟ್ಟದಿರುವ ನಿಯಮವು ಶ್ರಾವಕ ಶ್ರಾವಿಕೆಯರ ಮನೆಮನೆಗಳಲ್ಲಿ ನೆಲೆಗೊಳ್ಳಲಿ.

ಜಯ ಜಿನೇಂದ್ರ.