ಬರ್ಮಾದಿಂದ ಮರಳಿದ ಮೈ: ತಂದೆಯ ಸೈನ್ಯಸೇವೆಯ ನೆನಪು ಮತ್ತು ದಿನನಿತ್ಯದ ಕಾಯಿಲೆಗಳು

ಎರಡನೆಯ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿ ಊರಿಗೆ ಮರಳಿದ ಸೈನಿಕರ ಮನೆಗಳಲ್ಲಿ ಯುದ್ಧದ ನೆನಪು ಬಹುಮಟ್ಟಿಗೆ ಕಾಯಿಲೆಗಳ ನೆನಪಾಗಿ ಉಳಿದಿದೆ. ತಂದೆ ಯಾವ ಗುಡ್ಡದ ಮೇಲೆ ಹೋರಾಡಿದರು, ಅವರ ಪಡೆಯ ಮುಖ್ಯಸ್ಥರು ಯಾರಾಗಿದ್ದರು ಎಂಬ ಸಂಗತಿಗಳು ಮಕ್ಕಳಿಗೆ ತಿಳಿದಿರುವುದಿಲ್ಲ. ಆದರೆ ಅವರಿಗೆ ಆಗಾಗ ಚಳಿಜ್ವರ ಮರುಕಳಿಸುತ್ತಿದ್ದುದು, ಎಡಗಿವಿ ಸರಿಯಾಗಿ ಕೇಳಿಸದೆ ಇದ್ದುದು, ರಾತ್ರಿ ಅಂಗಾಲು ಉರಿಯುತ್ತದೆಂದು ಒದ್ದೆ ಬಟ್ಟೆ ಸುತ್ತಿಕೊಳ್ಳುತ್ತಿದ್ದುದು, ಹೊಟ್ಟೆ ಒಂದು ದಿನವೂ ನೆಟ್ಟಗಿರದಿದ್ದುದು ಮಾತ್ರ ಚೆನ್ನಾಗಿ ನೆನಪಿರುತ್ತದೆ. ಚರಿತ್ರಕಾರರು ಇಂತಹ ಮಾತುಗಳನ್ನು ಮನೆಯ ಮಾತುಗಳೆಂದು ಬದಿಗಿಟ್ಟಿದ್ದಾರೆ, ವೈದ್ಯರು ಹಳೆಯ ಕಥೆಗಳೆಂದು ಕೇಳಿ ಬಿಟ್ಟಿದ್ದಾರೆ. ಎರಡೂ ಕಡೆಯ ಈ ಉಪೇಕ್ಷೆ ಸರಿಯಲ್ಲ ಎಂಬುದು, ಮನೆಯ ನೆನಪನ್ನು ವೈದ್ಯಶಾಸ್ತ್ರದ ಬೆಳಕಿನಲ್ಲಿ ಓದಿದರೆ ಸಾಮಾನ್ಯ ಸಿಪಾಯಿಯ ಯುದ್ಧ ಹೇಗಿತ್ತೆಂಬುದು ತಿಳಿಯುತ್ತದೆ ಎಂಬುದು ಈ ಉಪನ್ಯಾಸದ ನಿಲುವು.

1939ರಲ್ಲಿ ಸುಮಾರು ಎರಡು ಲಕ್ಷವಿದ್ದ ಭಾರತೀಯ ಸೈನ್ಯ ಯುದ್ಧ ಮುಗಿಯುವ ಹೊತ್ತಿಗೆ ಇಪ್ಪತ್ತೈದು ಲಕ್ಷಕ್ಕೆ ಬೆಳೆದಿತ್ತು, ಮತ್ತು ಅದರಲ್ಲಿ ಎಂಬತ್ತೇಳು ಸಾವಿರಕ್ಕೂ ಹೆಚ್ಚು ಮಂದಿ ಮಡಿದರು. ಇಂದಿನ ಕರ್ನಾಟಕದ ನೆಲಕ್ಕೂ ಈ ಯುದ್ಧಕ್ಕೂ ಇದ್ದ ನಂಟು ಸಣ್ಣದಲ್ಲ. ಹಲಸೂರು ಕೆರೆಯ ಬಳಿಯ ಕೇಂದ್ರದಿಂದ ಮದ್ರಾಸ್ ಸ್ಯಾಪರ್ಸ್ ಎಂಬ ಸೈನಿಕ ಇಂಜಿನಿಯರುಗಳು ಸೇತುವೆ ಕಟ್ಟಲು, ದಾರಿ ಮಾಡಲು ಹಲವು ರಣರಂಗಗಳಿಗೆ ಹೋದರು, ಮೈಸೂರು ಸಂಸ್ಥಾನದ ಒಂದನೆಯ ಮೈಸೂರು ಪದಾತಿದಳ ಮಲಯಕ್ಕೆ ಹೋಗಿ, 1942ರ ಫೆಬ್ರವರಿ 15ರಂದು ಸಿಂಗಪುರ ಶರಣಾದಾಗ ಜಪಾನೀಯರಿಗೆ ಸೆರೆಯಾಯಿತು, ಕೊಡಗಿನ ಸೇನಾಧಿಕಾರಿಗಳಾದ ಕೆ. ಎಂ. ಕಾರ್ಯಪ್ಪ ಮತ್ತು ಕೆ. ಎಸ್. ತಿಮ್ಮಯ್ಯ ಇಬ್ಬರೂ ಬರ್ಮಾ ರಂಗದಲ್ಲಿ ಸೇವೆ ಸಲ್ಲಿಸಿದರು. ಕಾರ್ಯಪ್ಪನವರ ಮಗ, ತಾವೂ ವಾಯುಪಡೆಯಲ್ಲಿ ಏರ್ ಮಾರ್ಷಲ್ ಹುದ್ದೆಗೇರಿದ ಕೆ. ಸಿ. ಕಾರ್ಯಪ್ಪ, ತಂದೆಯ ಜೀವನಚರಿತ್ರೆಯನ್ನು ಬರೆದಿದ್ದಾರೆ. ಆದರೆ ಸಿಪಾಯಿ, ನಾಯಕ, ಹವಾಲ್ದಾರ್ ದರ್ಜೆಯವರ ಮಕ್ಕಳಿಗೆ ಅಂತಹ ಕಾಗದಪತ್ರಗಳ ಆಸರೆ ಇರಲಿಲ್ಲ. ಅವರ ಪಾಲಿಗೆ ಉಳಿದದ್ದು ತಂದೆಯ ದೇಹ ಮತ್ತು ಅದರ ನೋವುಗಳು.

ಈ ನೋವುಗಳಲ್ಲಿ ಮೊದಲ ಸ್ಥಾನ ಮಲೇರಿಯಾಕ್ಕೆ. ಸೊಳ್ಳೆಯ ಕಡಿತದಿಂದ ರಕ್ತವನ್ನು ಸೇರುವ ಪರಾವಲಂಬಿ ಜೀವಿಯಿಂದ ಬರುವ ಈ ಜ್ವರವನ್ನು ಹಳ್ಳಿಗಳಲ್ಲಿ ಚಳಿಜ್ವರವೆಂದೂ, ಅದು ಮತ್ತೆ ಮತ್ತೆ ಬಂದಾಗ ಎಡಪಕ್ಕೆಯ ಕೆಳಗೆ ಗುಲ್ಮ ಊದಿಕೊಂಡು ಕೈಗೆ ಸಿಗುವ ಗಂಟನ್ನು ಜ್ವರಗಡ್ಡೆಯೆಂದೂ ಕರೆಯುತ್ತಿದ್ದರು. ಬರ್ಮಾ ಗಡಿಯಲ್ಲಿ ಹದಿನಾಲ್ಕನೆಯ ಸೇನೆಯನ್ನು ನಡೆಸಿದ ಜನರಲ್ ವಿಲಿಯಂ ಸ್ಲಿಮ್ 1956ರಲ್ಲಿ ಪ್ರಕಟಿಸಿದ ತಮ್ಮ ಯುದ್ಧಕಥನದಲ್ಲಿ ಕೊಟ್ಟಿರುವ ಲೆಕ್ಕದಂತೆ, 1943ರಲ್ಲಿ ಗಾಯಗೊಂಡು ಆಸ್ಪತ್ರೆ ಸೇರಿದ ಒಬ್ಬ ಸೈನಿಕನಿಗೆ ಎದುರಾಗಿ 120 ಮಂದಿ ಉಷ್ಣವಲಯದ ಕಾಯಿಲೆಗಳಿಂದ ಮಲಗಿದ್ದರು. ಮಲೇರಿಯಾ ಒಂದೇ ವರ್ಷಕ್ಕೆ ನೂರಕ್ಕೆ 84ರ ದರದಲ್ಲಿ ಸೈನ್ಯವನ್ನು ಹಿಡಿಯುತ್ತಿತ್ತು. ಜಪಾನ್ 1942ರ ಮಾರ್ಚಿನಲ್ಲಿ ಜಾವಾ ದ್ವೀಪವನ್ನು ವಶಪಡಿಸಿಕೊಂಡಾಗ ಜಗತ್ತಿನ ಬಹುಪಾಲು ಸಿಂಕೋನಾ ತೋಟಗಳು, ಎಂದರೆ ಕ್ವಿನೈನ್ ತೆಗೆಯುವ ತೊಗಟೆಯ ಮರಗಳು, ಅದರ ಕೈಸೇರಿದ್ದವು. ಆದ್ದರಿಂದ ರಾಸಾಯನಿಕವಾಗಿ ತಯಾರಿಸಿದ ಮೆಪಾಕ್ರಿನ್ ಎಂಬ ಹಳದಿ ಗುಳಿಗೆಯನ್ನು ಪ್ರತಿಯೊಬ್ಬ ಸೈನಿಕನೂ ದಿನವೂ ನುಂಗಬೇಕಾಯಿತು.

ಆ ಗುಳಿಗೆ ಕಹಿ, ಅದನ್ನು ನುಂಗಿದವರ ಚರ್ಮಕ್ಕೆ ಹಳದಿ ಬಣ್ಣ ಬರುತ್ತಿತ್ತು, ಜೊತೆಗೆ ಅದರಿಂದ ಗಂಡಸುತನ ಹೋಗುತ್ತದೆ ಎಂಬ ಸುಳ್ಳು ಸುದ್ದಿಯೂ ಪಡೆಗಳಲ್ಲಿ ಹಬ್ಬಿತ್ತು. ಗುಳಿಗೆ ನಿಜವಾಗಿ ಹೊಟ್ಟೆ ಸೇರಿದೆಯೇ ಎಂದು ತಿಳಿಯಲು ಸ್ಲಿಮ್ ಇಡೀ ಪಡೆಗಳನ್ನು ಹಠಾತ್ತನೆ ಪರೀಕ್ಷೆಗೆ ಒಳಪಡಿಸಿ, ನೂರಕ್ಕೆ 95ಕ್ಕಿಂತ ಕಡಿಮೆ ಮಂದಿಯಲ್ಲಿ ಔಷಧ ಕಂಡುಬಂದರೆ ಆ ಪಡೆಯ ಅಧಿಕಾರಿಯನ್ನೇ ಹುದ್ದೆಯಿಂದ ಇಳಿಸುತ್ತಿದ್ದರು. ಮೂವರನ್ನು ಇಳಿಸಿದ ಮೇಲೆ ಉಳಿದವರಿಗೆ ಅರ್ಥವಾಯಿತೆಂದು ಅವರು ಬರೆದಿದ್ದಾರೆ. ಸಂಜೆಯಾಗುವ ಮೊದಲು ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಇಳಿಸಿ ಗುಂಡಿ ಹಾಕಬೇಕು, ಚಡ್ಡಿ ಬಿಟ್ಟು ಉದ್ದನೆಯ ಷರಾಯಿ ತೊಡಬೇಕು ಎಂಬುದು ಆಜ್ಞೆಯಾಗಿತ್ತು. ಕಾಯಿಲೆಯವರನ್ನು ನೂರಾರು ಮೈಲಿ ದೂರದ ಆಸ್ಪತ್ರೆಗಳಿಗೆ ಕಳಿಸದೆ ರಣರೇಖೆಯ ಕೆಲವೇ ಮೈಲಿ ಹಿಂದೆ, ಡೇರೆ ಮತ್ತು ಬಿದಿರಿನ ಗುಡಿಸಲುಗಳಲ್ಲಿ ನಡೆಸಿದ ಮಲೇರಿಯಾ ಚಿಕಿತ್ಸಾ ಘಟಕಗಳಲ್ಲಿ ಗುಣಪಡಿಸಿ ಮರಳಿ ಕಳಿಸುವ ಏರ್ಪಾಡೂ ಆಯಿತು. 1945ರ ಹೊತ್ತಿಗೆ ದಿನಕ್ಕೆ ಸಾವಿರಕ್ಕೆ ಒಬ್ಬರಂತೆ ಮಾತ್ರ ಕಾಯಿಲೆ ಬೀಳುವ ಮಟ್ಟಕ್ಕೆ ಸೇನೆಯ ಆರೋಗ್ಯ ಸುಧಾರಿಸಿತು. ಬರ್ಮಾ ಗಡಿಯ ಇಂಫಾಲ ಮತ್ತು ಕೊಹಿಮಾದಲ್ಲಿ ಜಪಾನೀಯರ ಮೇಲೆ ಪಡೆದ ಗೆಲುವನ್ನು ಹೇಳುವಾಗ ಈ ಗುಳಿಗೆಯನ್ನೂ ಈ ಗುಂಡಿ ಹಾಕಿದ ತೋಳನ್ನೂ ಬಿಟ್ಟು ಹೇಳಿದರೆ ಆ ಕಥೆ ಅರ್ಧವೇ ಆಗುತ್ತದೆ. ಸೇನೆಯಿಂದ ಬಂದ ತಂದೆಯೊಬ್ಬರು ಮನೆಯಲ್ಲಿಯೂ ಹೊತ್ತು ಮುಳುಗುವ ಮುನ್ನ ತೋಳಿಳಿಸಿಕೊಂಡು, ಮಕ್ಕಳಿಗೆ ಸೊಳ್ಳೆಪರದೆ ಕಟ್ಟಿಯೇ ಮಲಗಬೇಕೆಂದು ಗದರಿದ್ದರೆ, ಅದು ಸಿಡುಕುತನದ ಗುರುತಾಗಿರದೆ ಜೀವ ಉಳಿಸಿಕೊಂಡ ಒಂದು ವಿದ್ಯೆಯ ಮುಂದುವರಿಕೆಯಾಗಿತ್ತು.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ತಂದೆಗೆ ವರ್ಷ ವರ್ಷವೂ ಬರುತ್ತಿದ್ದ ಚಳಿಜ್ವರ ಬರ್ಮಾದಿಂದ ಬಂದದ್ದೇ ಎಂದು ಮಕ್ಕಳು ಹೇಳುವ ಮಾತು ಎಷ್ಟರಮಟ್ಟಿಗೆ ನಿಜ? ಪ್ಲಾಸ್ಮೋಡಿಯಂ ವೈವಾಕ್ಸ್ ಎಂಬ ಜಾತಿಯ ಮಲೇರಿಯಾ ಜೀವಿ ರಕ್ತಕ್ಕೆ ಬರುವ ಮೊದಲು ಪಿತ್ತಜನಕಾಂಗದಲ್ಲಿ ನೆಲೆಸುತ್ತದೆ, ಮತ್ತು ಅದರ ಕೆಲವು ರೂಪಗಳು ಅಲ್ಲಿಯೇ ತಿಂಗಳುಗಟ್ಟಲೆ ಮಲಗಿದ್ದು ಮತ್ತೆ ಎಚ್ಚೆತ್ತು ಜ್ವರ ತರುತ್ತವೆ. ಈ ಅಡಗುದಾಣವನ್ನು ಎಚ್. ಇ. ಷಾರ್ಟ್ ಮತ್ತು ಪಿ. ಸಿ. ಸಿ. ಗಾರ್ನ್‌ಹ್ಯಾಮ್ ಎಂಬ ವಿಜ್ಞಾನಿಗಳು 1948ರಲ್ಲಿ ತೋರಿಸಿಕೊಟ್ಟರು. ಎಂದರೆ ಯುದ್ಧ ಮುಗಿದು ಸಿಪಾಯಿಗಳು ಊರು ಸೇರಿದ ಮೇಲೆ. ಮೆಪಾಕ್ರಿನ್ ರಕ್ತದಲ್ಲಿನ ಜೀವಿಗಳನ್ನು ಕೊಲ್ಲುತ್ತಿತ್ತೇ ಹೊರತು ಪಿತ್ತಜನಕಾಂಗದಲ್ಲಿ ಮಲಗಿದ್ದವುಗಳನ್ನು ಮುಟ್ಟುತ್ತಿರಲಿಲ್ಲವಾದ್ದರಿಂದ, ಗುಳಿಗೆ ನಿಂತೊಡನೆ ಎಷ್ಟೋ ಮಂದಿಗೆ ಮನೆಯ ಜಗಲಿಯ ಮೇಲೆಯೇ ಜ್ವರ ಕಾಣಿಸಿಕೊಂಡಿತು. ಆ ಸುಪ್ತ ರೂಪಗಳನ್ನೂ ಕೊಲ್ಲುವ ಪ್ರಿಮಾಕ್ವಿನ್ ಬಳಕೆಗೆ ಬಂದದ್ದು ಕೊರಿಯಾ ಯುದ್ಧದ ಕಾಲದಲ್ಲಿ. ಹೀಗಾಗಿ ಮರಳಿದ ಮೊದಲ ಎರಡು ಮೂರು ವರ್ಷಗಳ ಜ್ವರವನ್ನು ಬರ್ಮಾದ ಲೆಕ್ಕಕ್ಕೆ ಬರೆದರೆ ತಪ್ಪಿಲ್ಲ. ಆದರೆ ಹತ್ತು ಹದಿನೈದು ವರ್ಷಗಳ ನಂತರ ಬಂದ ಜ್ವರವನ್ನು ಹಾಗೆ ಬರೆಯಲಾಗದು, ಏಕೆಂದರೆ ವೈವಾಕ್ಸ್ ಅಷ್ಟು ಕಾಲ ಮಲಗಿರುವುದಿಲ್ಲ. ಮಲೆನಾಡಿನಲ್ಲಿಯೂ ಮಂಡ್ಯದ ನಾಲಾ ಪ್ರದೇಶದಲ್ಲಿಯೂ ಆಗ ಮಲೇರಿಯಾ ಊರ ಕಾಯಿಲೆಯೇ ಆಗಿತ್ತು. ಯುದ್ಧದಲ್ಲಿ ಬಳಕೆಗೆ ಬಂದ ಡಿಡಿಟಿ ಎಂಬ ಕೀಟನಾಶಕವನ್ನು ಮಲೇರಿಯಾ ತಜ್ಞ ಡಾ. ಡಿ. ಕೆ. ವಿಶ್ವನಾಥನ್ ಆಗಿನ ಮುಂಬಯಿ ಪ್ರಾಂತ್ಯದ ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳ ಮನೆಗಳಲ್ಲಿ ಸಿಂಪಡಿಸಿ ಈ ಜ್ವರವನ್ನು ಇಳಿಸಿದ್ದು ಯುದ್ಧ ಮುಗಿದ ಹೊಸತರಲ್ಲಿ. ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾದದ್ದು 1953ರಲ್ಲಿ.

ಮೈಸೂರಿನ ಸೈನಿಕರಿಗೆ ಯುದ್ಧಭೂಮಿಯ ಮಲೇರಿಯಾ ಹೊಸ ಅನುಭವವೂ ಆಗಿರಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಮೈಸೂರು ಲ್ಯಾನ್ಸರ್ಸ್ ಕುದುರೆದಳದವರು ಅದಕ್ಕೆ ಮುಂಚಿನ ಬೇಸಗೆಯಲ್ಲಿ ಸಮುದ್ರಮಟ್ಟಕ್ಕಿಂತ ಬಹಳ ಕೆಳಗಿರುವ ಜೋರ್ಡಾನ್ ಕಣಿವೆಯಲ್ಲಿ ಬೀಡುಬಿಟ್ಟಿದ್ದರು, ಮತ್ತು ಆ ಕಣಿವೆ ಮಲೇರಿಯಾಕ್ಕೆ ಹೆಸರಾಗಿತ್ತು. ಹೈಫಾದ ಗೆಲುವನ್ನು ಪ್ರತಿವರ್ಷ ನೆನೆಯುವವರು ಆ ಕಣಿವೆಯ ಜ್ವರವನ್ನು ನೆನೆಯುವುದು ಅಪರೂಪ.

ಹೊಟ್ಟೆಯ ಕಾಯಿಲೆಗಳ ವಿಷಯದಲ್ಲಿ ಮನೆಯವರ ನೆನಪು ಇನ್ನಷ್ಟು ಎಚ್ಚರದಿಂದ ಓದಬೇಕಾದದ್ದು. ರಕ್ತ ಮತ್ತು ಲೋಳೆ ಬೀಳುವ ಆಮಶಂಕೆ ಬರ್ಮಾದಲ್ಲಿ ಮಲೇರಿಯಾದ ನಂತರದ ದೊಡ್ಡ ಶತ್ರುವಾಗಿತ್ತು, ಮತ್ತು ಅದರಲ್ಲಿ ಅಮೀಬಾದಿಂದ ಬರುವ ಬಗೆ ಕರುಳಿನಲ್ಲಿ ಬಹುಕಾಲ ಉಳಿದು ಕೆಲವರಿಗೆ ಪಿತ್ತಜನಕಾಂಗದಲ್ಲಿ ಕೀವು ಕಟ್ಟಿಸುತ್ತಿತ್ತು. ಇದಕ್ಕಿಂತ ವಿಚಿತ್ರವಾದದ್ದು ಸ್ಟ್ರಾಂಗಿಲಾಯ್ಡಿಸ್ ಎಂಬ ಕೂದಲೆಳೆಗಿಂತ ಸಣ್ಣ ಹುಳು. ಅದು ಒದ್ದೆ ಮಣ್ಣಿನಿಂದ ಬರಿಗಾಲಿನ ಚರ್ಮದ ಮೂಲಕ ಒಳಹೊಕ್ಕು ಕರುಳನ್ನು ಸೇರಿ, ಹೊರಗೆ ಹೋಗದೆಯೇ ಅದೇ ದೇಹದಲ್ಲಿ ಪೀಳಿಗೆಯ ಮೇಲೆ ಪೀಳಿಗೆ ಬೆಳೆಯಬಲ್ಲದು. ಬರ್ಮಾ–ಥಾಯ್ಲೆಂಡ್ ರೈಲುಮಾರ್ಗದಲ್ಲಿ ಜಪಾನೀಯರ ಕೈಕೆಳಗೆ ದುಡಿದ ಬ್ರಿಟಿಷ್ ಯುದ್ಧಕೈದಿಗಳನ್ನು ಲಿವರ್‌ಪೂಲ್ ಉಷ್ಣವಲಯ ವೈದ್ಯಶಾಲೆಯವರು ದಶಕಗಳ ನಂತರ ಪರೀಕ್ಷಿಸಿದಾಗ ಅನೇಕರಲ್ಲಿ ಈ ಹುಳು ಇನ್ನೂ ಜೀವಂತವಾಗಿತ್ತು. ಸೊಂಟ ಮತ್ತು ಪೃಷ್ಠದ ಮೇಲೆ ಗಂಟೆಗಳಲ್ಲಿ ಜಾಗ ಬದಲಿಸುವ ತುರಿಕೆಯ ಗೆರೆಯೇ ಅದರ ಕುರುಹು. ಬೇರಾವುದೋ ಕಾಯಿಲೆಗೆ ಸ್ಟೀರಾಯ್ಡ್ ಔಷಧ ಕೊಟ್ಟಾಗ ಈ ಹುಳು ಏಕಾಏಕಿ ಮೈಯೆಲ್ಲ ಹರಡಿ ಜೀವಕ್ಕೇ ಸಂಚಕಾರ ತರಬಹುದು. ಹಾಗೆಂದು ಕರ್ನಾಟಕದ ಮನೆಯೊಂದರಲ್ಲಿ ಅದು ಕಂಡುಬಂದರೆ ಯುದ್ಧವನ್ನೇ ಹೊಣೆ ಮಾಡುವಂತಿಲ್ಲ: ಬರಿಗಾಲಲ್ಲಿ ಗದ್ದೆಗಿಳಿಯುವವರಿಗೆ ಅದು ಊರ ಮಣ್ಣಿನಿಂದಲೂ ಅಂಟುತ್ತದೆ.

ಅಂಗಾಲಿನ ಉರಿ ಸೆರೆಯಾಳುಗಳ ಮನೆಗಳಿಗೆ ಹೆಚ್ಚು ಸಂಬಂಧಿಸಿದ ಸಂಗತಿ. ಜಪಾನೀಯರ ಶಿಬಿರಗಳಲ್ಲಿ ಊಟವೆಂದರೆ ಪಾಲಿಷ್ ಮಾಡಿದ ಬಿಳಿ ಅಕ್ಕಿ, ಅದೂ ಅರೆಹೊಟ್ಟೆಗೆ. ಅಕ್ಕಿಯ ಮೇಲಿನ ತವುಡಿನಲ್ಲಿರುವ ಥಯಾಮಿನ್, ಎಂದರೆ ಬಿ1 ಜೀವಸತ್ವ, ಇಲ್ಲದೆ ಕಾಲು ಬಾತುಕೊಳ್ಳುವ, ನರಗಳು ಸೊರಗುವ, ಹೃದಯ ಸೋಲುವ ಬೆರಿಬೆರಿ ಹಬ್ಬಿತು. ಅದರ ಜೊತೆಯಲ್ಲಿಯೇ ಬಿ ಗುಂಪಿನ ಇತರ ಜೀವಸತ್ವಗಳ ಕೊರತೆಯಿಂದ ರಾತ್ರಿಯಿಡೀ ಪಾದ ಉರಿಯುವ ಬಾಧೆ ಸೆರೆಯಾಳುಗಳನ್ನು ಕಾಡಿತು. ಒಮ್ಮೆ ಹಾಳಾದ ನರ ಪೂರ್ತಿ ಚೇತರಿಸಿಕೊಳ್ಳುವುದು ಕಷ್ಟ. ಸಿಂಗಪುರದಲ್ಲಿ ಸೆರೆಯಾದವರ ಮಕ್ಕಳು ತಂದೆಯ ಪಾದದ ಉರಿಯನ್ನು ಶಿಬಿರದ ಅನ್ನದೊಡನೆ ಜೋಡಿಸಿ ಹೇಳಿದರೆ ಅದಕ್ಕೆ ಶಾಸ್ತ್ರದ ಬೆಂಬಲವಿದೆ. ಆದರೆ ಇಂದು ಅಂಗಾಲು ಉರಿಯುತ್ತದೆಂದು ಬರುವವರಲ್ಲಿ ಸಕ್ಕರೆ ಕಾಯಿಲೆಯೇ ಸಾಮಾನ್ಯ ಕಾರಣವಾಗಿರುವುದರಿಂದ, ಹಳೆಯ ಕಥೆಯನ್ನು ನಂಬಿಕೊಂಡು ರಕ್ತ ಪರೀಕ್ಷೆ ಮಾಡಿಸದೆ ಇರುವುದು ಅಪಾಯ.

ಕಿವಿಯ ವಿಷಯದಲ್ಲಿ ಸಾಕ್ಷ್ಯ ಇನ್ನೂ ನಿಚ್ಚಳವಾಗಿದೆ. ಒಳಗಿವಿಯ ಶಂಖದಂತಹ ಸುರುಳಿಯಲ್ಲಿ ಸದ್ದನ್ನು ಗ್ರಹಿಸುವ ರೋಮಕೋಶಗಳಿದ್ದು, ಸಿಡಿತದ ಸದ್ದಿಗೆ ಸತ್ತ ಕೋಶ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಬಂದೂಕನ್ನು ಬಲಭುಜಕ್ಕೆ ಒತ್ತಿ ಗುರಿಯಿಡುವಾಗ ಮುಖ ಬಲಕ್ಕೆ ವಾಲುವುದರಿಂದ ಬಲಗಿವಿಗೆ ತಲೆಯೇ ಮರೆಯಾಗುತ್ತದೆ, ಎಡಗಿವಿ ಬಂದೂಕಿನ ಬಾಯಿಗೆ ನೇರವಾಗಿ ತೆರೆದುಕೊಳ್ಳುತ್ತದೆ. ಆದ್ದರಿಂದಲೇ ಬಲಗೈ ಸೈನಿಕರಲ್ಲಿ ಎಡಗಿವಿಯ ಕಿವುಡು ಹೆಚ್ಚು. ಮೊದಲು ಹೋಗುವುದು ತೆಳ್ಳನೆಯ, ಎತ್ತರದ ದನಿಗಳು. ಮೊಮ್ಮಕ್ಕಳ ಮಾತು ಕೇಳಿಸದೆ ಗಂಡಸರ ದಪ್ಪ ದನಿ ಮಾತ್ರ ಕೇಳಿಸುವ ಅಜ್ಜನನ್ನು ತನಗೆ ಬೇಕಾದ್ದನ್ನಷ್ಟೇ ಕೇಳಿಸಿಕೊಳ್ಳುವವನೆಂದು ಮನೆಯವರು ದೂರುವುದುಂಟು. ಆ ದೂರು ಅನ್ಯಾಯದ್ದು.

ಮನಸ್ಸಿನ ಗಾಯಕ್ಕೆ ಆ ಕಾಲದಲ್ಲಿ ನೆಟ್ಟನೆಯ ಹೆಸರೇ ಇರಲಿಲ್ಲ. ಆಘಾತೋತ್ತರ ಒತ್ತಡದ ಕಾಯಿಲೆ, ಎಂದರೆ ಭಯಂಕರ ಅನುಭವದ ನಂತರ ಅದೇ ದೃಶ್ಯ ಕನಸಿನಲ್ಲೂ ಎಚ್ಚರದಲ್ಲೂ ಮರಳಿ ಬರುವ, ನಿದ್ದೆಗೆಡಿಸುವ, ಸಣ್ಣ ಸದ್ದಿಗೂ ಬೆಚ್ಚಿಸುವ ಸ್ಥಿತಿ, ಅಮೆರಿಕದ ಮನೋವೈದ್ಯರ ಅಧಿಕೃತ ಪಟ್ಟಿಯನ್ನು ಸೇರಿದ್ದು 1980ರಲ್ಲಿ. ಅಷ್ಟು ಹೊತ್ತಿಗೆ ಬರ್ಮಾದಿಂದ ಬಂದವರು ಅರವತ್ತನ್ನು ಸಮೀಪಿಸಿದ್ದರು ಅಥವಾ ದಾಟಿದ್ದರು. ದುಡಿಮೆಯ ವರ್ಷಗಳಲ್ಲಿ ಅದುಮಿಟ್ಟ ನೆನಪು ಮುಪ್ಪಿನಲ್ಲಿ, ವಿಶೇಷವಾಗಿ ಮರೆವಿನ ಕಾಯಿಲೆ ಆರಂಭವಾದಾಗ, ಮೇಲೆದ್ದು ಬರುವುದನ್ನು ವೈದ್ಯರು ಹಲವು ದೇಶಗಳಲ್ಲಿ ಗುರುತಿಸಿದ್ದಾರೆ.

ಈ ಕಾಯಿಲೆಗಳಿಗೂ ಕಾಗದಕ್ಕೂ ಇರುವ ಸಂಬಂಧವನ್ನು ಹೇಳದೆ ವಿಷಯ ಮುಗಿಯದು. ಸೇವೆಯಿಂದ ಉಂಟಾದ ಅಥವಾ ಸೇವೆಯಿಂದ ಉಲ್ಬಣಿಸಿದ ಕಾಯಿಲೆಗೆ ಮಾತ್ರ ಅಂಗವೈಕಲ್ಯ ಪಿಂಚಣಿ ಎಂಬುದು ಸೈನ್ಯದ ನಿಯಮ. ಯುದ್ಧಕಾಲಕ್ಕೆಂದು ಸೇರಿ ಯುದ್ಧ ಮುಗಿದೊಡನೆ ಬಿಡುಗಡೆಯಾದ ಸಿಪಾಯಿಗೆ ಪಿಂಚಣಿಗೆ ಬೇಕಾದ ಹದಿನೈದು ವರ್ಷಗಳ ಸೇವೆಯೂ ಇರುತ್ತಿರಲಿಲ್ಲ, ಕಾಯಿಲೆಯನ್ನು ದಾಖಲಿಸಿದ ಕಾಗದವೂ ಬಹಳ ಸಲ ಇರುತ್ತಿರಲಿಲ್ಲ. ರಾಜ್ಯದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಪಿಂಚಣಿಯಿಲ್ಲದ ಎರಡನೆಯ ಮಹಾಯುದ್ಧದ ಸೈನಿಕರಿಗೂ ಅವರ ವಿಧವೆಯರಿಗೂ ನೆರವು ನೀಡುವ ಏರ್ಪಾಡನ್ನು ಹೊಂದಿದೆ, ಮತ್ತು ಅಲ್ಲಿಯೂ ಮೊದಲು ಕೇಳುವುದು ಬಿಡುಗಡೆ ಪತ್ರವನ್ನೇ.

ಆದ್ದರಿಂದ ಇಂತಹ ಮನೆಗಳವರು ಟ್ರಂಕಿನಲ್ಲಿರುವ ಡಿಸ್ಚಾರ್ಜ್ ಪುಸ್ತಕವನ್ನು ಹೊರತೆಗೆದು, ಅದರಲ್ಲಿರುವ ಪಡೆಯ ಹೆಸರು, ಸೈನಿಕ ಸಂಖ್ಯೆ, ವೈದ್ಯಕೀಯ ದರ್ಜೆ ಇವುಗಳ ಪ್ರತಿ ಮಾಡಿಟ್ಟುಕೊಳ್ಳಬೇಕು. ಪುಸ್ತಕ ಕಳೆದುಹೋಗಿದ್ದರೆ ಆಯಾ ರೆಜಿಮೆಂಟಿನ ದಾಖಲೆ ಕಚೇರಿಗೆ ಪತ್ರ ಬರೆಯಬೇಕು. ತಂದೆಯ ಜ್ವರ ಯಾವ ವರ್ಷದಿಂದ ಯಾವ ವರ್ಷದವರೆಗೆ ಬಂತು, ಯಾವ ಕಿವಿ ಕೇಳಿಸುತ್ತಿರಲಿಲ್ಲ, ಸೆರೆಯಲ್ಲಿದ್ದರೆ ಎಲ್ಲಿ ಎಂಬುದನ್ನು ತಾಯಿ, ಅತ್ತೆ, ಹಿರಿಯಣ್ಣ ಇನ್ನೂ ಹೇಳಬಲ್ಲವರಾಗಿರುವಾಗಲೇ ಬರೆದುಕೊಳ್ಳಬೇಕು, ಮತ್ತು ಸೈನಿಕರು ಇನ್ನೂ ಬದುಕಿರುವ ಮನೆಗಳಲ್ಲಿ ಆ ಹಾಳೆಯನ್ನು ವೈದ್ಯರ ಮುಂದಿಡಬೇಕು. ಆ ತಲೆಮಾರಿನಲ್ಲಿ ಉಳಿದವರೆಲ್ಲರೂ ಈಗ ತೊಂಬತ್ತೈದನ್ನು ದಾಟಿದವರು. ಈ ಕೆಲಸವನ್ನು ಮುಂದಿನ ವರ್ಷಕ್ಕೆ ಬಿಡಬಾರದು.